ಗಾಳಿಗೆ ತಕ್ಕಷ್ಟು ಹಾಯಿ

ಬಬಲೇಶ್ವರದ ಎರೆಹೊಲಗಳ ಮೇಲೆ ಆಷಾಢದಲ್ಲಿ ಬೀಸುವ ಗಾಳಿ ಪಡುವಣ ಕಡಲ ಕಡೆಯಿಂದ ಬಂದದ್ದು. ಮಳೆಯನ್ನು ಘಟ್ಟದ ಮೇಲೆ ಸುರಿದು, ನಮ್ಮ ಸೀಮೆಗೆ ರಭಸವನ್ನಷ್ಟೇ ಹೊತ್ತು ತರುತ್ತದೆ. ಇಂಥ ಗಾಳಿಯ ಜೊತೆ ಬೆಳೆದವರಿಗೆ ಸಣ್ಣ ಹಾಯಿದೋಣಿಯ ಒಂದು ಸಲಕರಣೆ ನೋಡಿದ ಕೂಡಲೇ ಮನಸ್ಸಿಗೆ ಹಿಡಿಸುತ್ತದೆ: ರೋಲರ್ ಫರ್ಲಿಂಗ್, ಹಾಯಿ ಸುತ್ತುವ ಉರುಳೆ.

ಅದಿಲ್ಲದ ದೋಣಿಯಲ್ಲಿ ಗಾಳಿ ಜೋರಾದರೆ ಒಬ್ಬರು ಅಲೆಗೆ ತೊಯ್ಯುತ್ತ ಮೂತಿಯವರೆಗೆ ತೆವಳಿ, ಪಟಪಟ ಬಡಿಯುವ ಮುಂದಿನ ಹಾಯಿಯನ್ನು ಕೈಯಾರೆ ಇಳಿಸಬೇಕು. ಉರುಳೆಯಿದ್ದರೆ ಚುಕ್ಕಾಣಿಯ ಬಳಿ ಕೂತೇ ಒಂದು ಹಗ್ಗ ಎಳೆದರಾಯಿತು. ಕಂಪನಿ ನಾಟಕದ ಪರದೆಯಂತೆ ಹಾಯಿ ಸುತ್ತಿಕೊಳ್ಳುತ್ತದೆ.

ಕೂಡಿಸುವ ಕೆಲಸದಲ್ಲೇ ಇದರ ನಿಜವಾದ ಸೊಗಸು ಕಾಣುವುದು. ಮೂತಿಯಿಂದ ಕೂವೆಮರದ ಮೇಲಕ್ಕೆ ಬಿಗಿದ ಉಕ್ಕಿನ ತಂತಿಗೆ ಅಲ್ಯೂಮಿನಿಯಂ ಕೊಳವೆಯ ತುಂಡುಗಳನ್ನು ಒಂದರ ತುದಿಗೊಂದು ಜೋಡಿಸುತ್ತಾರೆ. ಅದರ ಸೀಳಿನಲ್ಲಿ ಹಾಯಿಯ ಅಂಚು ಜಾರುತ್ತ ಮೇಲೇರುತ್ತದೆ. ಕೆಳಗೆ ಹಗ್ಗ ಸುತ್ತುವ ಡ್ರಮ್, ಮೇಲೆ ಹಾಯಿಯೊಡನೆ ತಿರುಗುವ ಕೊಂಡಿ, ಸ್ವಿವೆಲ್. ಹಾಯಿ ಬಿಚ್ಚಿದಷ್ಟೂ ಹಗ್ಗ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ಹಗ್ಗ ಎಳೆದಷ್ಟೂ ಹಾಯಿ ಸುತ್ತಿಕೊಳ್ಳುತ್ತದೆ. ಈ ಕೊಡುಕೊಳ್ಳುವಿಕೆ ಸಲೀಸಾಗಬೇಕಾದರೆ ಹಗ್ಗ ಡ್ರಮ್ಮಿಗೆ ಲಂಬವಾಗಿ ಬಂದು ಸೇರಬೇಕು. ಹಾಯಿ ಎತ್ತುವ ಹಗ್ಗ ಮಾತ್ರ ಮೇಲ್ತುದಿಯಲ್ಲಿ ತಂತಿಗೆ ಒತ್ತಿಕೊಂಡಿರದೆ, ಸುಮಾರು 10 ಡಿಗ್ರಿ ಓರೆಯಾಗಿರಬೇಕು. ಆ ಓರೆ ತಪ್ಪಿದರೆ ಹಗ್ಗವೂ ತಂತಿಯನ್ನು ಸುತ್ತಿಕೊಂಡು ಇಡೀ ವ್ಯವಸ್ಥೆ ಕಚ್ಚಿಕೊಳ್ಳುತ್ತದೆ.

ಹೊಲಿಗೆಯಲ್ಲೂ ಅಷ್ಟೇ ಜಾಣತನ. ಹಾಯಿಗೆ ಹೊಟ್ಟೆಯಿರುವುದರಿಂದ ಅರ್ಧ ಸುತ್ತಿದಾಗ ಉಳಿದ ಬಟ್ಟೆ ಜೋಲುತ್ತದೆ. ಅದಕ್ಕೇ ಮುಂದಿನ ಅಂಚಿನುದ್ದಕ್ಕೂ, ನಡುವೆ ದಪ್ಪಗೆ ತುದಿಗಳಲ್ಲಿ ತೆಳ್ಳಗೆ, ಫೋಮಿನ ಪಟ್ಟಿ ಹೊಲಿದು ಆ ಸಡಿಲನ್ನು ಮೊದಲ ಸುತ್ತುಗಳಲ್ಲೇ ನುಂಗಿಸುತ್ತಾರೆ. ಹಿಂದಿನ ಮತ್ತು ಕೆಳಗಿನ ಅಂಚಿಗೆ ಬಿಸಿಲು ತಾಳುವ ಬಣ್ಣದ ಬಟ್ಟೆ. ಪೂರ್ತಿ ಸುತ್ತಿದಾಗ ಹೊರಗೆ ಉಳಿಯುವುದು ಅದೊಂದೇ.

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆ ಸೇರಿದ ಹಾಯಿಹಡಗು ‘ಕೌಂಡಿನ್ಯ’ದ್ದು ಇದಕ್ಕಿಂತ ಪೂರಾ ಬೇರೆ ಚೆಲುವು. ಅಜಂತಾದ ಚಿತ್ರವನ್ನು ನೋಡಿ, ಹಲಗೆಗಳನ್ನು ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು ಅದು. ಚೌಕದ ಹಾಯಿಗಳ ಮೇಲೆ ಗಂಡಭೇರುಂಡವಿದೆ. ಆ ಹಾಯಿಗಳನ್ನು ಏರಿಸಿ ಇಳಿಸುವುದು ಹತ್ತು ಕೈ ಸೇರಿ ಮಾಡುವ ಕೆಲಸ, ಅದರ ಘನತೆ ಆ ಒಗ್ಗಟ್ಟಿನಲ್ಲಿದೆ. ಉರುಳೆಯ ದೊಡ್ಡತನ ಬೇರೆ: ಜೊತೆಗೆ ಯಾರೂ ಇಲ್ಲದ ಒಬ್ಬಂಟಿಗೂ ಬಿರುಗಾಳಿಯಿಂದ ತನಗೆ ಬೇಕಾದಷ್ಟನ್ನೇ ಪಡೆದು ಮುಂದೆ ಸಾಗುವ ಧೈರ್ಯವನ್ನು ಅದು ಕೊಡುತ್ತದೆ.