ಬಡಗಿಯ ಕೂಲಿ ಬೇರೆ, ಹಲಗೆಯ ಬೆಲೆ ಬೇರೆ

2008ರಲ್ಲಿ ಬೆಂಗಳೂರಿನ ಹೊಸ ವಿಮಾನ ನಿಲ್ದಾಣ ಶುರುವಾದ ಮೇಲೆ ಬಳ್ಳಾರಿ ರಸ್ತೆಯುದ್ದಕ್ಕೂ, ಚಿಕ್ಕಜಾಲದ ಸುತ್ತಮುತ್ತಲೂ ಹೊಸ ಮನೆಗಳು ಎದ್ದಿವೆ. ಮರಗೆಲಸಕ್ಕೆ ಬಡಗಿಯನ್ನು ಕರೆದಾಗ ಬಹಳ ಮಂದಿ ಕೇಳುವ ಮೊದಲ ಪ್ರಶ್ನೆ, 'ಚದರ ಅಡಿಗೆ ಎಷ್ಟು?' ಸಾಮಾನು, ಕೂಲಿ ಎರಡೂ ಸೇರಿದ ಈ ದರದಿಂದ ಮನೆಯವರಿಗೂ ನಷ್ಟ, ಒಳ್ಳೆಯ ಬಡಗಿಗೂ ನಷ್ಟ. ಏಕೆಂದರೆ ಸಾಮಾನ್ಯವಾಗಿ ಅಳೆಯುವುದು ಕಪಾಟಿನ ಮುಂಭಾಗವನ್ನು ಮಾತ್ರ. 7 ಅಡಿ ಎತ್ತರ, 6 ಅಡಿ ಅಗಲದ ವಾರ್ಡ್‌ರೋಬು ಲೆಕ್ಕದಲ್ಲಿ 42 ಚದರ ಅಡಿ. ಆಳ 2 ಅಡಿ ಇದ್ದರೆ ಎರಡು ಪಕ್ಕ, ನಡುವಿನ ಹಲಗೆ, ಮೇಲೆ ಕೆಳಗೆ, ಬೆನ್ನು, ಬಾಗಿಲು, ನಾಲ್ಕು ಅರೆ ಎಲ್ಲ ಕೂಡಿ 174 ಚದರ ಅಡಿ ಹಲಗೆ ಬೇಕು. ಅರೆ ಎರಡೇ ಇರಲಿ, ಆರು ಡ್ರಾಯರ್ ಇರಲಿ, ಮುಂಭಾಗದ ಅಳತೆ ಬದಲಾಗದು. ದರದಲ್ಲಿ ಚೌಕಾಸಿ ಮಾಡಿದಷ್ಟೂ ಉಳಿತಾಯ ನಡೆಯುವುದು ಕಣ್ಣಿಗೆ ಬೀಳದ ಒಳಭಾಗದಲ್ಲಿ.

ಮೈಕಾ ಅಂಟಿಸಿದ ಮೇಲೆ ಪ್ಲೈವುಡ್ಡಿನ ಗುಣ ಹೊರಗಿನಿಂದ ತಿಳಿಯದು. ನೋಡಬೇಕಾದದ್ದು ಕತ್ತರಿಸಿದ ಅಂಚನ್ನು: ಪದರಗಳ ನಡುವೆ ಸಂದು ಕಂಡರೆ ಅಲ್ಲಿ ಸ್ಕ್ರೂ ಹಿಡಿಯುವುದಿಲ್ಲ, ಹಿಂಜು ಸಡಿಲವಾಗಿ ಬಾಗಿಲು ಜೋತುಬೀಳುತ್ತದೆ. ಅಡುಗೆಮನೆಯ ಸಿಂಕಿನ ಕೆಳಗೆ ಐಎಸ್ 710 ಮುದ್ರೆಯ ಹಲಗೆಯೇ ಬೇಕು. ಅದರ ಅಂಟು 72 ಗಂಟೆ ಕುದಿನೀರಿನ ಪರೀಕ್ಷೆಗೆ ನಿಲ್ಲಬೇಕೆಂಬ ನಿಯಮವಿದೆ. ತೇವವಿಲ್ಲದ ಕೋಣೆಯ ಕಪಾಟಿಗೆ ಐಎಸ್ 303 ಸಾಕು. ಇವೆರಡರ ಬೆಲೆಯಲ್ಲಿ ಸಾಕಷ್ಟು ಅಂತರವಿದೆ, ಒಟ್ಟು ದರದಲ್ಲಿ ಅದು ಕಾಣುವುದೇ ಇಲ್ಲ.

ಆದ್ದರಿಂದ ಸಾಮಾನನ್ನು ನೀವೇ ತಂದು ಬಡಗಿಗೆ ಕೂಲಿಯನ್ನಷ್ಟೇ ಕೊಡುವುದು ಮೇಲು. ಸಾಮಾನು ನಾವೇ ತಂದರೆ ನಮಗೆ ಏನು ಗೊತ್ತಾಗುತ್ತದೆ, ದಿನಗೂಲಿ ಕೊಟ್ಟರೆ ಕೆಲಸ ಎಳೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಎರಡೂ ನ್ಯಾಯವಾದ ಅನುಮಾನ. ಎಷ್ಟು ಹಲಗೆ, ಯಾವ ಹಿಂಜು, ಎಷ್ಟು ಮೈಕಾ ಎಂದು ಬಡಗಿಯಿಂದಲೇ ಪಟ್ಟಿ ಬರೆಸಿ, ಅಂಗಡಿಗೆ ಅವರನ್ನೇ ಜೊತೆಗೆ ಕರೆದೊಯ್ಯಿರಿ, ಬಿಲ್ಲು ನಿಮ್ಮ ಹೆಸರಿನಲ್ಲಿರಲಿ. ದಿನಗೂಲಿ ಬೇಡ, ವಾರ್ಡ್‌ರೋಬಿಗೆ ಇಷ್ಟು, ಅಡುಗೆಮನೆಗೆ ಇಷ್ಟು ಎಂದು ನಕ್ಷೆ ನೋಡಿ ಕೂಲಿ ಗೊತ್ತುಮಾಡಿ, ಕೆಲಸದ ಹಂತಕ್ಕೆ ತಕ್ಕಂತೆ ಕೊಡಿ. ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಇಷ್ಟೆಲ್ಲ ಓಡಾಟ ಆಗದಿರಬಹುದು. ಆಗ ಒಟ್ಟು ಗುತ್ತಿಗೆಯೇ ಇರಲಿ, ಆದರೆ ಹಲಗೆಯ ದರ್ಜೆ, ದಪ್ಪ, ಹಿಂಜಿನ ಕಂಪನಿ ಮೂರನ್ನೂ ಕಾಗದದಲ್ಲಿ ಬರೆಸಿ ಸಹಿ ಹಾಕಿಸಿ.

ಕೂಲಿಯನ್ನು ಬೇರೆಯಾಗಿ ಗೊತ್ತುಮಾಡಿದರೆ ಅದು ತುಸು ಹೆಚ್ಚೆನಿಸಬಹುದು. ಕೊಡಿ. ಅಂಚು ಕೂಡಿಸುವ ಕೈಚಳಕಕ್ಕೆ ಬೆಲೆ ಸಿಕ್ಕರೆ ಹಲಗೆಯಲ್ಲಿ ಉಳಿಸುವ ಅಗತ್ಯ ಬಡಗಿಗೆ ಬರುವುದಿಲ್ಲ.