ಹೊಸ್ತಿಲಾಚೆ ಚಪ್ಪಲಿ, ಒಳಗೆ ತೊಳೆಯದ ಕಾಲು

ನಮ್ಮ ಸವಳಂಗದ ಕಡೆ ಯಾರ ಮನೆಗೆ ಹೋದರೂ ಬಾಗಿಲಲ್ಲಿ ಒಂದು ಚಿಕ್ಕ ನಾಟಕ ನಡೆಯುತ್ತದೆ. ಬಂದವರು ಬಗ್ಗಿ ಶೂ ಲೇಸಿಗೆ ಕೈ ಹಾಕುತ್ತಾರೆ. ಒಳಗಿನವರು "ಪರವಾಗಿಲ್ಲ, ಹಾಕ್ಕಂಡೇ ಬರ್ರಿ" ಅನ್ನುತ್ತಾರೆ. ಬಂದವರು "ಏ, ಇರ್ಲಿ ಬಿಡ್ರಿ" ಎಂದು ಬಿಚ್ಚೇ ಬಿಡುತ್ತಾರೆ. ಆ ಉಪಚಾರದ ಮಾತನ್ನು ನಂಬಿ ಹಾಕಿಕೊಂಡೇ ಬಂದವರನ್ನು ಮನೆಯವರು ಬಹಳ ದಿನ ಮರೆಯುವುದಿಲ್ಲ. ನಾನು ಕಂಡಂತೆ ನಂಬಿದವರು ಎರಡೇ ಬಗೆ: ಸರ್ವೆಗೆ ಬಂದ ಸಾಹೇಬರು ಮತ್ತು ಹೆಣ್ಣು ನೋಡಲು ಬಂದ ಗಂಡಿನ ಕಡೆಯ ಸೋದರಮಾವಂದಿರು.

ಚಪ್ಪಲಿ ಯಾಕೆ ಹೊರಗೆ ಎಂದು ಕೇಳಿದರೆ ಹಿರಿಯರು ಮಡಿ ಅನ್ನುತ್ತಾರೆ, ಕಿರಿಯರು ಕ್ರಿಮಿ ಅನ್ನುತ್ತಾರೆ. ನೆಲದ ಮಾತನ್ನು ಯಾರೂ ಎತ್ತುವುದಿಲ್ಲ. ತುಳಿಸಿಕೊಳ್ಳುವುದು ಅದೇ ಆದ್ದರಿಂದ ಈ ಆಚರಣೆಯನ್ನು ಅದರ ಕಡೆಯಿಂದ ಒಮ್ಮೆ ನೋಡಬೇಕೆನಿಸಿತು.

ನಮ್ಮ ಅಜ್ಜಿಯ ಕಾಲದ ನೆಲ ಮಣ್ಣಿನದು, ವಾರಕ್ಕೊಮ್ಮೆ ಸಗಣಿ ಸಾರಿಸಿದ್ದು. ಲಾಳ ಹೊಡೆದ ಮೆಟ್ಟು ಅದರ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ ಹಕ್ಕಳೆ ಏಳುತ್ತಿತ್ತು. ಆಮೇಲೆ ಪಡಸಾಲೆಗೆ ಕೆಂಪು ಗಾರೆ ಬಂತು. ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಕಲಸಿ, ಕರಣೆಯಿಂದ ಒತ್ತಿ ಒತ್ತಿ ನಯ ಮಾಡಿ, ವಾರಗಟ್ಟಲೆ ನೀರು ನಿಲ್ಲಿಸಿ, ಕೊಬ್ಬರಿ ಎಣ್ಣೆ ಬಟ್ಟೆಯಲ್ಲಿ ಉಜ್ಜಿದ ನೆಲ. ಬಣ್ಣದ ಪದರ ಕೆಲವೇ ಮಿಲಿಮೀಟರ್ ದಪ್ಪ. ಆದರೆ ಈ ನೆಲಕ್ಕೊಂದು ಗುಣವಿದೆ. ಬರಿಗಾಲು ಆಡಿದಷ್ಟೂ ಇದು ಹೊಳಪೇರುತ್ತದೆ, ಅಂಗಾಲಿನ ಜಿಡ್ಡೇ ಇದಕ್ಕೆ ಪಾಲಿಶ್. ನಮ್ಮ ಮನೆಯಲ್ಲಿ ಬಾಗಿಲಿನಿಂದ ಅಡುಗೆಮನೆಯವರೆಗೆ ಒಂದು ಕಾಲುದಾರಿ ಇಂದಿಗೂ ಬೇರೆಯೇ ಹೊಳೆಯುತ್ತದೆ. ಮೂಲೆಯಲ್ಲಿ, ಜೋಳದ ಚೀಲ ಪೇರಿಸುತ್ತಿದ್ದ ಕಡೆ ಅದೇ ನೆಲ ಇಟ್ಟಿಗೆಯಂತೆ ಮಂಕು. ಐವತ್ತು ವರ್ಷ ಮನೆಯ ಹೆಂಗಸರು ದಿನಕ್ಕೆ ಎಷ್ಟು ಸಲ ಓಡಾಡಿದರೆಂಬ ಲೆಕ್ಕ ಆ ದಾರಿಯಲ್ಲಿ ಬರೆದಿದೆ. ಗಂಡಸರ ದಾರಿ ಹುಡುಕಿದರೆ ಕಟ್ಟೆಯ ಹತ್ತಿರ ನಿಂತುಹೋಗುತ್ತದೆ, ಅದು ಬೇರೆ ಮಾತು.

ಇಂಥ ನೆಲವನ್ನು ಶೂ ಹೇಗೆ ಹಾಳು ಮಾಡುತ್ತದೆ? ರಬ್ಬರೋ ಚರ್ಮವೋ ತಾನಾಗಿ ನೆಲ ಕೆರೆಯುವಷ್ಟು ಗಟ್ಟಿಯಲ್ಲ. ಕೆರೆಯುವುದು ಅಟ್ಟೆಯ ಗೀರುಗಳಲ್ಲಿ ಕೂತು ಬರುವ ಮರಳು. ಮೋಸ್ ಎಂಬ ಖನಿಜತಜ್ಞ 1812ರಲ್ಲಿ ಮಾಡಿಟ್ಟ ಗಡಸುತನದ ಏಣಿಯಲ್ಲಿ ಮರಳಿನ ಕಣ, ಅಂದರೆ ಬೆಣಚು, ಏಳನೆಯ ಮೆಟ್ಟಿಲು. ಸುಣ್ಣದ ಖನಿಜ ಮೂರನೆಯದು. ಕಡಪ ಕಲ್ಲು, ಶಹಾಬಾದ್ ಕಲ್ಲು ಎರಡೂ ಸುಣ್ಣಕಲ್ಲಿನ ಜಾತಿ. ಹಾಗಾಗಿ ಅವುಗಳ ಮೇಲೆ ಮರಳು ಮೆತ್ತಿದ ಶೂ ಅಂದರೆ ದಿನವೂ ಎಳೆಯುವ ಉಪ್ಪುಕಾಗದವೇ ಸರಿ. ಈಗ ಎಲ್ಲರೂ ಹಾಕಿಸುವ ವಿಟ್ರಿಫೈಡ್ ಟೈಲ್ಸ್ ಗಟ್ಟಿ, ನಿಜ. ಆದರೂ ಬಾಗಿಲ ಮುಂದಿನ ಎರಡು ಟೈಲ್ಸನ್ನು ಬೆಳಕಿಗೆ ಓರೆಯಾಗಿ ನೋಡಿ. ಅಂಗಡಿಯವನು ತೋರಿಸಿದ ಕನ್ನಡಿ ಹೊಳಪು ಅಲ್ಲಿ ಮೊದಲು ಸತ್ತಿರುತ್ತದೆ, ಜಾಯಿಂಟುಗಳು ಕಪ್ಪಾಗಿರುತ್ತವೆ.

ಅಂದಮೇಲೆ ಹೊರಗೆ ಬಿಡುವ ಪದ್ಧತಿ ಗೆದ್ದಿತೆ? ಅರ್ಧ ಮಾತ್ರ. ಹಳೆಯ ಪದ್ಧತಿಗೆ ಎರಡು ಭಾಗವಿತ್ತು: ಮೆಟ್ಟು ಬಿಡುವುದು, ಕಾಲು ತೊಳೆಯುವುದು. ಜಗಲಿಯ ಪಕ್ಕ ಕೊಡ, ಅದರ ಬಾಯಿಗೆ ಚೊಂಬು. ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ನೀರು. ಫೆಬ್ರುವರಿಯಲ್ಲಿ ಬಂಜಾರರ ಗುರು ಸೇವಾಲಾಲರ ಜಯಂತಿಗೆ ಸೂರಗೊಂಡನಕೊಪ್ಪಕ್ಕೆ ನಡೆದು ಹೋಗುವ ಮಾಲಾಧಾರಿಗಳಿಗೆ ಕೊಡ ತುಂಬಿ ಕಾಲಿಗೆ ನೀರು ಹೊಯ್ದರೆ, ಇಳಿಯುವ ನೀರಿನ ಬಣ್ಣ ನೋಡಿಯೇ ಎಷ್ಟು ದೂರದಿಂದ ಬಂದವರೆಂದು ಅಂದಾಜಿಸಬಹುದು. ಈಗ ಹೊಸ ಮನೆಗಳಲ್ಲಿ ಜಗಲಿಯೂ ಇಲ್ಲ, ಕೊಡವೂ ಇಲ್ಲ. ಚಪ್ಪಲಿ ಬಿಡುವ ಜಾಗವೇ ಧೂಳಿನ ರಾಶಿ. ಅದೇ ಧೂಳು ಮೆಟ್ಟಿದ ಬರಿಗಾಲಲ್ಲಿ ಒಳಗೆ ಬಂದು, ನಾವು ಬಹಳ ಶುಚಿ ಅಂದುಕೊಳ್ಳುತ್ತೇವೆ. ಅಡಿಕೆ ಬೇಯಿಸುವ ದಿನಗಳಲ್ಲಿ ಚೊಗರು ಮೆಟ್ಟಿದ ಅಂಗಾಲು ಟೈಲ್ಸಿನ ಜಾಯಿಂಟಿನ ಮೇಲೆ ಬಿಡುವ ಕರೆಯನ್ನು ಯಾವ ಶೂವೂ ಬಿಡಲಾರದು.

ಮಡಿಯ ವಾದಕ್ಕಂತೂ ನನ್ನ ತಕರಾರಿದೆ. ಮೆಟ್ಟು ಎಲ್ಲಿ ಬಿಡಬೇಕು ಎಂಬುದು ಎಂದೂ ಬರೀ ನೆಲದ ಪ್ರಶ್ನೆಯಾಗಿರಲಿಲ್ಲ. ಮೇಲಿನ ಕೇರಿಯಲ್ಲಿ ಹಾಯುವಾಗ ಅದನ್ನು ಕೈಯಲ್ಲಿ ಹಿಡಿದು ನಡೆಯಬೇಕಾದ ಜನ ನಮ್ಮ ನಾಡಿನಲ್ಲಿದ್ದರು. ಅವರಿಗೆ ಹೊಸ್ತಿಲು ಬೀದಿಯ ತುದಿಯಲ್ಲೇ ಶುರುವಾಗುತ್ತಿತ್ತು. ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಹೊಲಿದ ಮೆಟ್ಟನ್ನು ಬಸವಣ್ಣ ಕಾಲಿಗೆ ಹಾಕದೆ ತಲೆಗೇರಿಸಿಕೊಂಡ ಕಥೆಯನ್ನು ನಮ್ಮ ಕಡೆ ಪ್ರವಚನಗಳಲ್ಲಿ ಕೇಳಿ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. ಮೆಟ್ಟು ಮೈಲಿಗೆ ಅನ್ನುವ ಮಾತು ಮಾತ್ರ ಮನೆಗೆ ಬಂದ ಮೇಲೆ ಮತ್ತೆ ಶುರು.

ಅಮ್ಮನಿಗೆ ಸಕ್ಕರೆ ಕಾಯಿಲೆ. ಅಂಗಾಲಿಗೆ ಸ್ಪರ್ಶ ಕಡಿಮೆ. ಒಮ್ಮೆ ಟೈಲ್ಸ್ ಮೇಲೆ ಬಿದ್ದಿದ್ದ ಪಿನ್ನು ಚುಚ್ಚಿಕೊಂಡಿದ್ದು ಸಂಜೆ ರಕ್ತದ ಕಲೆ ಕಂಡ ಮೇಲೆ ಗೊತ್ತಾಯಿತು. ಮನೆಯೊಳಗೂ ಬರಿಗಾಲಲ್ಲಿ ತಿರುಗಬೇಡಿ ಎಂದು ಡಾಕ್ಟರು ಎಂಸಿಆರ್ ಚಪ್ಪಲಿ ಬರೆದುಕೊಟ್ಟರು. ಮೆತ್ತನೆಯ ರಬ್ಬರಿನದು, ಸ್ಪರ್ಶ ಕಡಿಮೆಯಾದ ಕಾಲಿಗೆಂದು ಮಾಡುವುದು. ಅಮ್ಮ ಮೂರು ತಿಂಗಳು ಅದನ್ನು ಡಬ್ಬಿಯಿಂದ ತೆಗೆಯಲಿಲ್ಲ. "ದೇವರ ಮನೆ ಮುಂದೆ ಚಪ್ಪಲಿ ಮೆಟ್ಟಿ ಓಡಾಡ್ಲಾ?" ಅಂತ. ಈಗ ಹಾಕುತ್ತಾರೆ. ಆದರೆ ಅದರಲ್ಲೇ ಕರಿಬೇವು ಕೀಳಲು ಹಿತ್ತಲಿಗೂ ಹೋಗಿ ಬರುತ್ತಾರೆ. ಅಲ್ಲಿಗೆ ಒಳಗಿನ ಚಪ್ಪಲಿ ಹೊರಗಿನದೇ ಆಯಿತು, ನೆಲಕ್ಕೆ ಮತ್ತೆ ಮರಳು. ಹಿತ್ತಲ ಬಾಗಿಲಲ್ಲಿ ಇನ್ನೊಂದು ಜೊತೆ ಇಟ್ಟಿದ್ದೇನೆ. ಅದನ್ನು ಹಾಕಿಕೊಳ್ಳುತ್ತಿರುವುದು ಸದ್ಯಕ್ಕೆ ಪಕ್ಕದ ಮನೆಯ ಹುಡುಗ.

ನನ್ನ ತೀರ್ಪು ಇಷ್ಟು. ಹೊರಗಿನ ಶೂ ಹೊರಗೇ ಇರಲಿ, ಅದರಲ್ಲಿ ರಾಜಿಯಿಲ್ಲ. ಒಳಗೆ ಬೇರೆ ಚಪ್ಪಲಿ ಹಾಕುವವರನ್ನು ಯಾರೂ ಆಡಿಕೊಳ್ಳುವುದು ಬೇಡ. ತಣ್ಣನೆಯ, ಜಾರುವ ಟೈಲ್ಸ್ ಹಾಕಿಸಿ ಬರಿಗಾಲಲ್ಲೇ ನಡೆಯಿರಿ ಎಂದು ಮುದುಕರಿಗೆ ಹೇಳುವುದು ಕ್ರೌರ್ಯ. ಆ ನೆಲಕ್ಕೆ ಬರಿಗಾಲಿನಿಂದ ಲಾಭವೂ ಇಲ್ಲ, ಕೆಂಪು ಗಾರೆಯಂತೆ ಅದು ತುಳಿದಷ್ಟು ಚೆಲುವಾಗುವುದಿಲ್ಲ. ಕೈಬಿಟ್ಟ ಉಳಿದರ್ಧ, ಕಾಲು ತೊಳೆಯುವುದು, ವಾಪಸು ಬರಬೇಕು.

ಹೋದ ಬೇಸಿಗೆಯಲ್ಲಿ ಮುಂಬಾಗಿಲ ಮೆಟ್ಟಿಲ ಪಕ್ಕ, ಮೊಣಕಾಲೆತ್ತರಕ್ಕೆ ಒಂದು ನಲ್ಲಿ ಹಾಕಿಸಿದೆ. ಪ್ಲಂಬರ್ ಹುಡುಗ ಪೈಪಿಗೆ ದಾರ ಸುತ್ತುತ್ತಾ ಕೇಳಿದ, "ಗಿಡಕ್ಕಾ ಸಾರ್, ಬೈಕ್ ತೊಳಿಯಕ್ಕಾ?" ಕಾಲಿಗೆ ಅಂದೆ. ನಕ್ಕ. ಕೆಲಸ ಮುಗಿದ ಮೇಲೆ ನೀರು ಸರಿಯಾಗಿ ಬರುತ್ತಾ ಎಂದು ನೋಡಲು ಅವನೇ ಮೊದಲು ಕಾಲೊಡ್ಡಿದ.