ಹಾಸಿಗೆ ಸರಿಪಡಿಸಿದವರು ಯಾರು?

ದಡ ಕಾಣದ ನಡುಗಡಲಿನಲ್ಲಿ, ವಿಹಾರದ ಹಡಗಿನ ಮೇಲೆ ಒಂದು ದಿನ ಹೇಗಿರುತ್ತದೆ? ಜಾಹೀರಾತುಗಳನ್ನು ನಂಬುವುದಾದರೆ ಅಲ್ಲಿ ಮಾಡಬೇಕಾದ ಕೆಲಸವೇ ಇಲ್ಲ. ಉಣ್ಣುವುದು, ಒರಗಿ ಕೂತು ನೀರು ನೋಡುವುದು, ಮತ್ತೆ ಉಣ್ಣುವುದು.

1995ರ ಮಾರ್ಚ್‌ನಲ್ಲಿ ಅಮೆರಿಕದ ಲೇಖಕ ಡೇವಿಡ್ ಫಾಸ್ಟರ್ ವ್ಯಾಲೇಸ್ ಈ ಸುಖವನ್ನು ಪರೀಕ್ಷಿಸಲು ಹೊರಟರು. ಹಾರ್ಪರ್ಸ್ ಪತ್ರಿಕೆ ಅವರನ್ನು 'ಜೆನಿತ್' ಎಂಬ ಹಡಗಿನಲ್ಲಿ ಏಳು ರಾತ್ರಿಗಳ ಕೆರಿಬಿಯನ್ ಯಾನಕ್ಕೆ ಕಳುಹಿಸಿತ್ತು. 1996ರ ಜನವರಿಯಲ್ಲಿ ಅವರ ದೀರ್ಘ ಪ್ರಬಂಧ ಪ್ರಕಟವಾಯಿತು. ಜೆನಿತ್ ಎಂದರೆ ನೆತ್ತಿಯ ಮೇಲಿನ ತುತ್ತತುದಿ. ವ್ಯಾಲೇಸ್ ಅದನ್ನು 'ನಾದಿರ್' ಎಂದು ಕರೆದರು, ಅಂದರೆ ಪಾತಾಳದ ಬಿಂದು. ಎರಡೂ ಪದಗಳು ಅರಬಿ ಖಗೋಳಶಾಸ್ತ್ರದಿಂದ ಯುರೋಪಿಗೆ ಹೋದವು ಎಂಬುದು ಅವರ ತಮಾಷೆಗೆ ಸೇರದ ಮಾತು.

ಪ್ರಬಂಧ ನಗಿಸುತ್ತದೆ, ನಿಜ. ಒಂದಿಡೀ ದಿನದ ದಿನಚರಿ ಬರೆಯುತ್ತಾ, ಒಂಬತ್ತು ವರ್ಷದ ಹುಡುಗಿಗೆ ಚದುರಂಗದಲ್ಲಿ ಸೋತದ್ದನ್ನೂ ಅವರು ಮುಚ್ಚಿಡುವುದಿಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಪ್ರಸಂಗ. ವ್ಯಾಲೇಸ್ ತಮ್ಮ ಚೀಲವನ್ನು ತಾವೇ ಹೊತ್ತುಕೊಂಡು ಹೋಗುತ್ತಾರೆ. ಲೆಬನಾನಿನ ಹಮಾಲಿ ಕಂಗಾಲಾಗುತ್ತಾನೆ. ಪ್ರಯಾಣಿಕ ಹೇಳಿದ್ದೇ ಸರಿ ಎಂಬುದು ಒಂದು ನಿಯಮ. ಪ್ರಯಾಣಿಕನಿಂದ ಚೀಲ ಹೊರಿಸಬಾರದು ಎಂಬುದು ಇನ್ನೊಂದು. ಯಾವುದನ್ನು ಪಾಲಿಸಿದರೂ ತಪ್ಪೇ. ಒಬ್ಬ ಅತಿಥಿಯ ಒಳ್ಳೆಯತನ ಒಬ್ಬ ಬಡವನಿಗೆ ಬೈಗುಳವಾಗಿ ತಲುಪುತ್ತದೆ. ಉಪಚಾರದ ವ್ಯವಸ್ಥೆಯೊಳಗೆ ಭಯ ಹೇಗೆ ಕೆಲಸ ಮಾಡುತ್ತದೆಂಬುದನ್ನು ಇಷ್ಟು ಚಿಕ್ಕ ಘಟನೆಯಲ್ಲಿ ಹಿಡಿದಿಟ್ಟವರು ವಿರಳ.

ಅವರ ಕೋಣೆಯನ್ನು ಸ್ವಚ್ಛಗೊಳಿಸುವ ಪೆಟ್ರಾ ಎಂಬ ಹೆಣ್ಣುಮಗಳು ಕೆಲಸ ಮಾಡುವುದು ಕಣ್ಣಿಗೇ ಬೀಳುವುದಿಲ್ಲ. ಅರ್ಧ ಗಂಟೆ ಹೊರಗಿದ್ದು ಬಂದರೆ ಹಾಸಿಗೆ ಸರಿಯಾಗಿರುತ್ತದೆ. ಅದು ಹೇಗೆಂದು ಪತ್ತೆಹಚ್ಚಲು ಲೇಖಕರು ಪ್ರಯೋಗವನ್ನೇ ನಡೆಸಿ ಸೋಲುತ್ತಾರೆ. ಇಲ್ಲಿಯೇ ನನ್ನ ತಕರಾರು. ಪೆಟ್ರಾ ಅವರಿಗೆ ಒಗಟಾಗುತ್ತಾಳೆ, ಕಾರ್ಮಿಕಳಾಗುವುದಿಲ್ಲ. ಸುಖದ ನಡುವೆ ತಮ್ಮೊಳಗೆ ಹುಟ್ಟಿದ ಹತಾಶೆ, ಪಕ್ಕದ ದೊಡ್ಡ ಹಡಗನ್ನು ಕಂಡು ತಮ್ಮಲ್ಲೇ ಮೂಡಿದ ಹೊಟ್ಟೆಕಿಚ್ಚು, ಇವನ್ನು ಅವರು ಅದ್ಭುತ ಪ್ರಾಮಾಣಿಕತೆಯಿಂದ ಬಗೆಯುತ್ತಾರೆ. ಆಕೆಯ ದಿನಕ್ಕೆ ಎಷ್ಟು ಗಂಟೆ ಎಂಬ ಪ್ರಶ್ನೆ ಮಾತ್ರ ಬೆಳೆಯುವುದೇ ಇಲ್ಲ.

ಹಡಗಿನ ಕಂಪೆನಿಯ ಕೈಪಿಡಿಯಲ್ಲಿ ಫ್ರಾಂಕ್ ಕಾನ್ರಾಯ್ ಎಂಬ ಹೆಸರಾಂತ ಲೇಖಕ ಹಣ ಪಡೆದು ಬರೆದ ಪ್ರಬಂಧವನ್ನು ವ್ಯಾಲೇಸ್ ಬಿಚ್ಚಿಟ್ಟ ಬಗೆ ಮಾತ್ರ ನಮ್ಮ ಪತ್ರಕರ್ತರೂ ಓದಬೇಕಾದದ್ದು. ಜಾಹೀರಾತು ಸಾಹಿತ್ಯದ ವೇಷ ತೊಟ್ಟರೆ ಓದುಗ ನಂಬುವುದೇನನ್ನು?

ಗಂಟೆಗಳ ಮಾತಿಗೆ ಬರೋಣ. 2006ರ ಕಡಲ ಕಾರ್ಮಿಕರ ಒಡಂಬಡಿಕೆ ಜಾರಿಗೆ ಬಂದದ್ದು 2013ರಲ್ಲಿ. ಅದರಲ್ಲೂ ದಿನಕ್ಕೆ 14 ಗಂಟೆಯವರೆಗಿನ ದುಡಿಮೆಗೆ ಅವಕಾಶವಿದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಇಂಥ ಹಡಗು ಹತ್ತುವ ಹುಡುಗರ ಮನೆಗಳಲ್ಲಿ ಈ ಲೆಕ್ಕ ಹೊಸದೇನಲ್ಲ.

2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ 'ಡೈಮಂಡ್ ಪ್ರಿನ್ಸೆಸ್' ಹಡಗನ್ನು ಕೊರೊನಾ ಕಾರಣದಿಂದ ತಡೆಹಿಡಿದಾಗ ಅದರಲ್ಲಿ 3,711 ಜನರಿದ್ದರು. ಪ್ರಯಾಣಿಕರಿಗೆ ಕೋಣೆಯಿಂದ ಹೊರಬರಬಾರದೆಂಬ ಆಜ್ಞೆ. ನೂರಕ್ಕೂ ಹೆಚ್ಚು ಭಾರತೀಯರಿದ್ದ ಸಿಬ್ಬಂದಿ ಮಾತ್ರ ಇಕ್ಕಟ್ಟಾದ ಕೋಣೆಗಳಲ್ಲಿ ಜೊತೆಯಾಗಿ ಮಲಗುತ್ತಾ, ಜೊತೆಯಾಗಿ ಉಣ್ಣುತ್ತಾ, ಬಾಗಿಲು ಬಾಗಿಲಿಗೆ ಊಟದ ತಟ್ಟೆ ಹೊತ್ತು ನಡೆದರು.